ಉಪ್ಪು ಬೆಳೆಯದ ಊರಿನ ಉಪ್ಪಿನ ಉಗ್ರಾಣಗಳು

ಟ್ರಾವೆ ನದಿಯ ದಂಡೆಗೆ ಒತ್ತಿಕೊಂಡು ಆರು ಹಳೆಯ ಕಟ್ಟಡಗಳು ಸಾಲಾಗಿ ನಿಂತಿವೆ. ಕೆಂಪು ಇಟ್ಟಿಗೆಯ ಗೋಡೆ, ಕಡಿದಾದ ಮಾಡು. ಒಂದರ ನೆತ್ತಿಯಂತೆ ಇನ್ನೊಂದರದಿಲ್ಲ. ಪಕ್ಕದಲ್ಲೇ 1478ರಲ್ಲಿ ಕಟ್ಟಿ ಮುಗಿಸಿದ ಹೋಲ್‌ಸ್ಟನ್ ಹೆಬ್ಬಾಗಿಲು. ಜೌಗು ನೆಲ ಕುಸಿದು ಅದರ ಜೋಡಿ ಬುರುಜುಗಳು ವಾಲಿವೆ. ಉತ್ತರ ಜರ್ಮನಿಯ ಲ್ಯೂಬೆಕ್‌ಗೆ ಬಂದವರೆಲ್ಲ ಫೋಟೊ ತೆಗೆಯುವುದು ಇಲ್ಲೇ. ಆ ಆರು ಕಟ್ಟಡಗಳೇ ಉಪ್ಪಿನ ಉಗ್ರಾಣಗಳು.

ಉಪ್ಪಿನಿಂದ ದುಡ್ಡು ಕಂಡ ಈ ಊರಲ್ಲಿ ಉಪ್ಪು ಹುಟ್ಟುತ್ತಿರಲಿಲ್ಲ. ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದಾರಿ ಸವೆಸಿದರೆ ಲ್ಯೂನೆಬುರ್ಗ್. ಅಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಸೀಸದ ಅಗಲ ಬಾಣಲೆಗೆ ಸುರಿದು, ಸೌದೆ ಒಟ್ಟಿ ಹಗಲಿರುಳು ಕುದಿಸುತ್ತಿದ್ದರು. ನೀರು ಹಿಂಗಿ ತಳದಲ್ಲಿ ಉಳಿದ ಬಿಳಿ ಹರಳು ಗಾಡಿ ಏರಿ ಲ್ಯೂಬೆಕ್ ಸೇರುತ್ತಿತ್ತು.

ಮೀನೂ ಇಲ್ಲಿಯದಲ್ಲ. ಕಡಲಾಚೆ, ಆಗ ಡೆನ್ಮಾರ್ಕಿನ ಕೈಯಲ್ಲಿದ್ದ ಸ್ಕೋನೆ ತೀರಕ್ಕೆ, ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ, ಹೆರಿಂಗ್ ಮೀನು ಹಿಂಡುಗಟ್ಟಿ ಬರುತ್ತಿತ್ತು. ನಮ್ಮ ಕರಾವಳಿಯವರು ಬಂಗುಡೆಗೆ ಉಪ್ಪು ಹಾಕಿಡುವಂತೆ ಅಲ್ಲಿಯೂ ಕರುಳು ತೆಗೆದು, ಮರದ ಪೀಪಾಯಿಯಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು ಎಂದು ಜೋಡಿಸುತ್ತಿದ್ದರು. ಶುಕ್ರವಾರ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಎಂದು ಮಾಂಸ ಬಿಡುತ್ತಿದ್ದ ಕ್ರೈಸ್ತ ಯುರೋಪಿಗೆ ಆ ಪೀಪಾಯಿಗಳು ಬೇಕೇ ಬೇಕಿದ್ದವು. ಉಪ್ಪು ಹೇರಿಕೊಂಡು ಹೋದ ಹಡಗು ಮೀನು ತುಂಬಿಕೊಂಡು ಮರಳುತ್ತಿತ್ತು. ಹೋಗುವಾಗಲೂ ಲಾಭ, ಬರುವಾಗಲೂ ಲಾಭ. ನಡುವೆ ಕೂತವನ ಈ ಗಳಿಕೆಯೇ ಲ್ಯೂಬೆಕ್ಕನ್ನು ಹಾನ್ಸಾ ವರ್ತಕ ನಗರಗಳ ಒಕ್ಕೂಟದ ಯಜಮಾನನ ಪೀಠದಲ್ಲಿ ಕೂರಿಸಿತು.

ಗಾಡಿದಾರಿ ಸಾಲದಾದಾಗ ಊರು ಕಾಲುವೆ ತೋಡಿಸಿತು. 1398ರ ಜುಲೈ 22ರಂದು ಸ್ಟೆಕ್ನಿಟ್ಸ್ ಕಾಲುವೆಯಲ್ಲಿ ಉಪ್ಪಿನ ಮೊದಲ ದೋಣಿಗಳು ಬಂದು ತಂಗಿದವು. ಪಯಣವೇನೂ ಸಲೀಸಲ್ಲ. ಅಡ್ಡಗಟ್ಟೆಯ ಹಿಂದೆ ನೀರು ತುಂಬುವತನಕ ಕಾಯಬೇಕು. ಬಾಗಿಲು ತೆರೆದಾಗ ನುಗ್ಗುವ ನೀರಿನೊಂದಿಗೆ ಚಪ್ಪಟೆ ತಳದ ದೋಣಿಯನ್ನು ತೇಲಿಬಿಡಬೇಕು. ಏರುದಾರಿಯಲ್ಲಿ ದಡದ ಮೇಲಿನಿಂದ ಆಳುಗಳು ಹಗ್ಗ ಹಿಡಿದು ಜಗ್ಗಬೇಕು. ತಲುಪಲು ವಾರಗಳೇ ಹಿಡಿದರೂ ಗಾಡಿಗಿಂತ ಇದೇ ಅಗ್ಗ.

ನಡುವೆ ಕೂತವನಿಗೆ ಒಂದೇ ಭಯ: ಗಿರಾಕಿಗಳು ಬೇರೆ ದಾರಿ ಹಿಡಿದುಬಿಟ್ಟರೆ? ಹಾಗೆಯೇ ಆಯಿತು. ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ ಬಿಸಿಲಿಗೆ ಒಣಗಿದ ಉಪ್ಪು ಸೌದೆಯ ಖರ್ಚಿಲ್ಲದೆ ಅಗ್ಗವಾಗಿ ಸಿಗತೊಡಗಿತು. ಡಚ್ಚರು ಅದನ್ನು ಹೇರಿಕೊಂಡು, ಲ್ಯೂಬೆಕ್ಕನ್ನು ಕೇಳದೆ, ಡೆನ್ಮಾರ್ಕನ್ನು ಬಳಸಿ ನೇರ ಬಾಲ್ಟಿಕ್‌ಗೆ ನುಗ್ಗಿದರು. ಸ್ಕೋನೆಯ ಮೀನೂ ಕ್ಷೀಣಿಸಿತು. 1669ರಲ್ಲಿ ಹಾನ್ಸಾದ ಕೊನೆಯ ಸಭೆ ನಡೆಯಿತು.

ಈಗ ಆ ಉಗ್ರಾಣಗಳ ವಯಸ್ಸು ನೋಡಿ: ಕಟ್ಟಿದ್ದು 1579ರಿಂದ 1745ರ ನಡುವೆ. ಊರಿನ ವೈಭವದ ಗುರುತೆಂದು ಜನ ಫೋಟೊ ತೆಗೆಯುವ ಈ ಉಗ್ರಾಣಗಳ ಇಟ್ಟಿಗೆಗಳೆಲ್ಲ ಇಳಿಗಾಲದವು! ಮುಂದೆ ಅವುಗಳಲ್ಲಿ ಧಾನ್ಯ, ಮರ ತುಂಬಿದರು. ನಿರ್ದೇಶಕ ಮುರ್ನೌ 1922ರಲ್ಲಿ ತೆರೆಕಂಡ ತನ್ನ ‘ನೊಸ್ಫೆರಾಟು’ ಚಿತ್ರದ ರಕ್ತಪಿಶಾಚಿಗೆ ಮನೆ ಮಾಡಿಕೊಟ್ಟದ್ದೂ ಈ ಪಾಳುಗೋಡೆಗಳಲ್ಲೇ. ಆಮೇಲೆ ಅಲ್ಲಿ ಬಟ್ಟೆ ಅಂಗಡಿ ಬಂತು. ಎಲ್ಲಿಯದೋ ಸರಕು ತಂದು ಇನ್ಯಾರಿಗೋ ಮಾರುವ ಕಸುಬನ್ನು ಲ್ಯೂಬೆಕ್ ಬಿಟ್ಟಂತಿಲ್ಲ.