ಚೀನದ ಅಭ್ಯುದಯವೂ ಕನ್ನಡ ನಾಡಿನ ಮಣ್ಣೂ

ಮೂಡಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಬರುವ ಯಾತ್ರಿಕರು ಅದರ ಸಾವಿರ ಕಂಬಗಳ ವೈವಿಧ್ಯವನ್ನು ಕಂಡು ಬೆರಗಾಗುವುದು ಸಹಜವೇ ಸರಿ. ಆದರೆ ಅಲ್ಲಿಯ ಭೈರಾದೇವಿ ಮಂಟಪದ ಅಧಿಷ್ಠಾನದ ಕಡೆಗೆ ಕಣ್ಣು ಹಾಯಿಸುವವರು ವಿರಳ. ಅಲ್ಲಿ ಚೀನೀ ಸಂಪ್ರದಾಯದ ಡ್ರ್ಯಾಗನ್ ಎಂಬ ಸರ್ಪಾಕೃತಿಯೂ ಆಫ್ರಿಕಾ ಖಂಡದ ಜಿರಾಫೆಯೂ ಕೆತ್ತಲ್ಪಟ್ಟಿವೆ. ತುಳುನಾಡಿನ ಶಿಲ್ಪಿಗೆ ಈ ಪ್ರಾಣಿಗಳ ಪರಿಚಯ ಎಲ್ಲಿಂದ ದೊರೆಯಿತು? ಕಡಲ ವ್ಯಾಪಾರದಿಂದಲೇ ಎಂಬುದು ವಿದ್ವಾಂಸರ ಊಹೆ. ಬಸದಿಯ ನಿರ್ಮಾಣ 1430ನೆಯ ಇಸವಿಯದು. ಅದೇ ಕಾಲದಲ್ಲಿ, 1405ರಿಂದ 1433ರ ವರೆಗೆ, ಮಿಂಗ್ ಚಕ್ರವರ್ತಿಗಳ ನೌಕಾಧಿಪತಿಯಾದ ಝೆಂಗ್ ಹೆ ಏಳು ಸಲ ಮಹಾನೌಕಾಯಾನವನ್ನು ಕೈಗೊಂಡನು. ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆ ಅವನ ಮುಖ್ಯ ತಂಗುದಾಣಗಳಲ್ಲೊಂದು. 1414ರಲ್ಲಿ ಬಂಗಾಳದ ಅರಸನು ಚೀನದ ಆಸ್ಥಾನಕ್ಕೆ ಜಿರಾಫೆಯನ್ನೇ ಕಾಣಿಕೆಯಾಗಿ ಕಳುಹಿಸಿದನೆಂಬುದು ಇತಿಹಾಸ ಪ್ರಸಿದ್ಧ.

ಭಾಷೆಯೂ ಈ ಸಂಬಂಧಕ್ಕೆ ಸಾಕ್ಷಿ ಹೇಳುತ್ತದೆ. ಕಾಳಿದಾಸನು ‘ಚೀನಾಂಶುಕ’ ಎಂದು ಕರೆದ ನಯವಾದ ರೇಷ್ಮೆಯನ್ನು ಕನ್ನಡಿಗರು ‘ಚೀನಾಂಬರ’ ಎಂದರು. ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿಯ ಜಾಡಿ ಇಂದಿಗೂ ಚೀನೀ ಭರಣಿ. ಸಿಹಿಗುಂಬಳಕ್ಕೆ ಇಲ್ಲಿ ಚೀನಿಕಾಯಿ ಎಂದು ಹೆಸರು. ಆ ಬಳ್ಳಿಯ ತವರು ಅಮೆರಿಕಾ ಖಂಡವಾದರೂ, ಕಡಲಾಚೆಯಿಂದ ಬಂದುದಕ್ಕೆಲ್ಲ ಚೀನದ ಹೆಸರನ್ನು ಹೊಂದಿಸುವ ರೂಢಿ ಇದ್ದಿರಬಹುದು. ಆ ವ್ಯಾಪಾರದಲ್ಲಿ ರೇಷ್ಮೆ, ಪಿಂಗಾಣಿಗಳು ಬಂದವು. ಮೆಣಸು, ಬಟ್ಟೆಗಳು ಹೋದವು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೆಣಸಿನ ಬಳ್ಳಿ ಮರುವರ್ಷ ಮತ್ತೆ ಫಲ ಬಿಡುತ್ತದೆ. ಬಟ್ಟೆಯಲ್ಲಿ ನೇಕಾರನ ಕೈಚಳಕ ಸೇರಿರುತ್ತದೆ. ಆದ್ದರಿಂದ ಎಷ್ಟು ಮಾರಿದರೂ ನಾಡು ಬರಿದಾಗಲಿಲ್ಲ.

ಆಧುನಿಕ ಕಾಲದಲ್ಲಿ ಚೀನದ ಕೊಡುಕೊಳೆಯ ಸ್ವರೂಪವೇ ಬೇರೆಯಾಯಿತು. 1978ರ ಡಿಸೆಂಬರಿನಲ್ಲಿ ಡೆಂಗ್ ಷಿಯಾವೋಪಿಂಗನ ಮುಂದಾಳತ್ವದಲ್ಲಿ ಆ ದೇಶ ಸುಧಾರಣೆಯ ಹಾದಿಯನ್ನು ಹಿಡಿಯಿತು. ಸಾಮೂಹಿಕ ಬೇಸಾಯ ಹೋಗಿ, ರೈತ ಕುಟುಂಬಗಳಿಗೆ ಭೂಮಿ ಕರಾರಿನ ಮೇಲೆ ದೊರೆಯಿತು. ಸರ್ಕಾರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ ಮಿಕ್ಕ ಬೆಳೆಯನ್ನು ರೈತನು ತಾನೇ ಮಾರಬಹುದಾಯಿತು. 1980ರಲ್ಲಿ ಷೆನ್‌ಝೆನ್ ಮೊದಲಾದೆಡೆ ವಿಶೇಷ ಆರ್ಥಿಕ ವಲಯಗಳು ಏರ್ಪಟ್ಟವು. ವಿದೇಶೀ ಬಂಡವಾಳವನ್ನು ಬರಮಾಡಿಕೊಳ್ಳುವಾಗ ಅದರೊಡನೆ ಯಂತ್ರವಿದ್ಯೆಯನ್ನೂ ಕಲಿತುಕೊಂಡದ್ದು ಅವರ ಜಾಣ್ಮೆ. ಅಕ್ಷರ ಬಲ್ಲ, ಕಾರ್ಖಾನೆಯ ಶಿಸ್ತಿಗೆ ಒಗ್ಗಬಲ್ಲ ಕೋಟ್ಯಂತರ ತರುಣ ತರುಣಿಯರು ಅಲ್ಲಿ ಅದಾಗಲೇ ಇದ್ದರು. 2001ರಲ್ಲಿ ಚೀನ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. 2010ರಲ್ಲಿ ಜಪಾನನ್ನು ಹಿಂದಿಕ್ಕಿ ಜಗತ್ತಿನ ಎರಡನೆಯ ದೊಡ್ಡ ಅರ್ಥವ್ಯವಸ್ಥೆಯೆನಿಸಿತು. 1978ರಲ್ಲಿ ಸುಮಾರು 3 ಕೋಟಿ ಟನ್ನಷ್ಟಿದ್ದ ಅದರ ಉಕ್ಕಿನ ಉತ್ಪಾದನೆ 2020ರಲ್ಲಿ 100 ಕೋಟಿ ಟನ್ನನ್ನು ಮೀರಿತು. 1980ರ ಸುಮಾರಿಗೆ ಭಾರತ ಚೀನಗಳ ತಲಾ ಆದಾಯದಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. 2023ರ ವೇಳೆಗೆ ಚೀನದ ಒಟ್ಟು ಉತ್ಪನ್ನ ಭಾರತದ್ದಕ್ಕಿಂತ ಸುಮಾರು ಐದು ಪಟ್ಟಾಗಿತ್ತು.

ಇಷ್ಟೊಂದು ಉಕ್ಕಿಗೆ ಅದಿರು ಬೇಡವೇ? ಈ ಹಸಿವೇ ಕನ್ನಡ ನಾಡನ್ನು ತಟ್ಟಿತು. ಬೆಳ್ತಂಗಡಿಯ ಮೂಡಣ ದಿಗಂತದಲ್ಲಿ ತಲೆಯೆತ್ತಿ ನಿಂತ ಕುದುರೆಮುಖದ ಆಚೆ ಮಗ್ಗುಲಲ್ಲಿ, 1976ರಲ್ಲಿ ಸ್ಥಾಪಿತವಾದ ಸರ್ಕಾರೀ ಸಂಸ್ಥೆ ಮೊದಲು ಇರಾನಿಗಾಗಿ ಗಣಿಗಾರಿಕೆಯನ್ನು ಕೈಗೊಂಡಿತ್ತು. 1979ರ ಕ್ರಾಂತಿಯಿಂದ ಆ ಒಪ್ಪಂದ ಮುರಿದುಬಿದ್ದ ಮೇಲೆ ಅದು ಬೇರೆ ಗ್ರಾಹಕರನ್ನು ಅರಸಬೇಕಾಯಿತು. ಕಾಲಕ್ರಮದಲ್ಲಿ ಚೀನವೂ ಆ ಗ್ರಾಹಕರಲ್ಲೊಂದಾಯಿತು. ಅದಿರಿನ ಪುಡಿ ನೀರಿನೊಡನೆ ಬೆರೆತು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಪಣಂಬೂರನ್ನು ಸೇರುತ್ತಿತ್ತು. ಕಾಡು, ಹೊಳೆಗಳ ಹಿತವನ್ನೆಣಿಸಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು.

ಬಳ್ಳಾರಿಯ ಕಥೆ ಇದಕ್ಕಿಂತ ಕಠೋರವಾದುದು. 2005ರಲ್ಲಿ ಅದಿರಿನ ಅಂತಾರಾಷ್ಟ್ರೀಯ ಒಪ್ಪಂದದ ಬೆಲೆ ಒಂದೇ ವರ್ಷದಲ್ಲಿ ಶೇಕಡ 71.5ರಷ್ಟು ಏರಿತು. ಚೀನದ ಬೇಡಿಕೆಯೇ ಅದಕ್ಕೆ ಮುಖ್ಯ ಕಾರಣ. ಸಂಡೂರು, ಹೊಸಪೇಟೆಗಳ ಕೆಂಪು ಗುಡ್ಡಗಳು ಹಗಲಿರುಳು ಅಗೆಯಲ್ಪಟ್ಟವು. ಶಿರಾಡಿ ಘಟ್ಟವಿಳಿದು ಬಂಟ್ವಾಳದ ಬಿ.ಸಿ. ರೋಡನ್ನು ಹಾದು ಬಂದರಿಗೆ ಸಾಗುತ್ತಿದ್ದ ಅದಿರಿನ ಲಾರಿಗಳಿಂದ ಹೆದ್ದಾರಿ ಜರ್ಜರಿತವಾದುದನ್ನು ಈ ಸೀಮೆಯ ಜನ ಕಣ್ಣಾರೆ ಕಂಡರು. 2006ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಬ್ರಾಡ್‌ಗೇಜ್ ಆಗಿ ಸರಕು ಸಾಗಣೆಗೆ ತೆರೆದಾಗ ಅದಿರು ಆ ಹಾದಿಯನ್ನೂ ಹಿಡಿಯಿತು. ನಾಡಿಗೆ ದಕ್ಕಿದ್ದೇನು? ಕೆಲವರ ಕೈಯಲ್ಲಿ ಹಠಾತ್ತಾದ ಐಶ್ವರ್ಯ ಶೇಖರವಾಯಿತು, ಹೊಲಗಳ ಮೇಲೆ ಕೆಂಧೂಳು ಕವಿಯಿತು, ರಾಜಕಾರಣ ಮಲಿನವಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ 2011ರ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗಳಿಗೂ ಮಿಗಿಲೆಂದು ಅಂದಾಜು ಮಾಡಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಾರಿಕೆಗೆ ಮಿತಿಯೊಡ್ಡಿ ಅನುಮತಿ ದೊರೆಯಿತಾದರೂ, ರಫ್ತಿನ ನಿಷೇಧ ಸಡಿಲವಾದದ್ದು 2022ರಲ್ಲಿ.

ಇದರಲ್ಲಿ ದೋಷ ಚೀನದ್ದೆನ್ನುವುದು ನ್ಯಾಯವಲ್ಲ. ಕೊಳ್ಳುವವನು ತನಗೆ ಬೇಕಾದುದನ್ನು ಕೊಂಡನು. ಅದನ್ನು ಉಕ್ಕಾಗಿಸಿ, ಉಕ್ಕನ್ನು ಯಂತ್ರವಾಗಿಸಿ, ಮಣ್ಣಿನ ಬೆಲೆಯ ಮೇಲೆ ಹಲವು ಪಟ್ಟು ಗಳಿಸಿದನು. ಮಾರುವವರು ಮಾತ್ರ ಗುಡ್ಡವನ್ನೇ ಮಾರಿದರು. ಬಳ್ಳಿಯಂತೆ ಗುಡ್ಡ ಮತ್ತೆ ಚಿಗುರುವುದಿಲ್ಲ.

ಹಾಗೆಂದು ಮಣ್ಣನ್ನು ಬಂಗಾರವಾಗಿಸುವ ವಿದ್ಯೆ ಈ ನಾಡಿಗೆ ಹೊಸದೇನೂ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿ ಮಣ್ಣು ಅಚ್ಚಿನಲ್ಲಿ ಒತ್ತಿ, ಆವೆಯಲ್ಲಿ ಬೆಂದು ಮಂಗಳೂರು ಹಂಚೆಂಬ ಹೆಸರಿನಿಂದ ಕಡಲಾಚೆಯ ದೇಶಗಳ ಮಾಡನ್ನೇರಿತು. ಅದೇ ಶತಮಾನದಲ್ಲಿ ಬಂಟ್ವಾಳ ಮೈಸೂರು ಸೀಮೆಯ ಕಾಫಿ ಮೊದಲಾದ ಸರಕು ಘಟ್ಟವಿಳಿದು ಬಂದು ದೋಣಿಯೇರುವ ಪೇಟೆಯಾಗಿತ್ತು. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದ ದವಡೆಯಿಂದ ಬಿಡಿಸಲು ಶ್ರಮಿಸಿದರು. ಅದಿರನ್ನು ಕಳುಹಿಸದೆ ಕಬ್ಬಿಣವನ್ನು ಕಳುಹಿಸಬೇಕೆಂಬ ವಿವೇಕ ಅಂದೇ ಇತ್ತು.

ಚೀನದ ಮಾರ್ಗದಲ್ಲಿ ಎಲ್ಲವೂ ಅನುಕರಣೀಯವಲ್ಲ. ಅಲ್ಲಿ ಪ್ರಜೆಗೆ ಸರ್ಕಾರವನ್ನು ಪ್ರಶ್ನಿಸುವ ಸ್ವಾತಂತ್ರ್ಯವಿಲ್ಲ. ಕಾರ್ಖಾನೆಗಳ ಹೊಗೆಯಿಂದ ನಗರಗಳ ಗಾಳಿ ಕೆಟ್ಟಿತು. 2022ರಿಂದ ಜನಸಂಖ್ಯೆಯೂ ಇಳಿಮುಖವಾಗಿದೆ. ಬಳ್ಳಾರಿಯ ಅನ್ಯಾಯ ಹೊರಬಿದ್ದುದು ನಮ್ಮಲ್ಲಿ ಲೋಕಾಯುಕ್ತ, ನ್ಯಾಯಾಲಯ, ಪತ್ರಿಕೆಗಳು ಇದ್ದುದರಿಂದಲೇ. ಆ ಸಂಪತ್ತನ್ನು ಕಳೆದುಕೊಂಡು ಈ ಸಂಪತ್ತನ್ನು ಗಳಿಸಬೇಕಾದ ಅಗತ್ಯವಿಲ್ಲ.

ಆದರೆ ಕಲಿಯತಕ್ಕದ್ದೊಂದು ನಿಶ್ಚಯವಾಗಿ ಇದೆ. ಆ ದೇಶ ಮೊದಲು ಜನರಿಗೆ ಅಕ್ಷರವನ್ನೂ ಅನಂತರ ಕೈಗೆ ಕುಶಲತೆಯನ್ನೂ ಕೊಟ್ಟಿತು. ಬಂಡವಾಳ ಆಮೇಲೆ ಬಂದಿತು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಬಳ್ಳಾರಿಯ ಪಾಡು ತಪ್ಪದು. ಪಾಠಶಾಲೆಗಳಲ್ಲಿ ಪ್ರಯೋಗಶಾಲೆಗೂ ಕಮ್ಮಟಕ್ಕೂ ಗ್ರಂಥಾಲಯದಷ್ಟೇ ಗೌರವ ದೊರೆಯಬೇಕು. ಮಗು ಕಾಗುಣಿತವನ್ನು ಕಲಿಯುವಂತೆಯೇ ಉಳಿ, ಕತ್ತರಿ, ಅಳತೆಪಟ್ಟಿಗಳ ಬಳಕೆಯನ್ನೂ ಕಲಿಯಬೇಕು. ದಾನಿಗಳು ಕಟ್ಟಡಕ್ಕೆ ಕೊಡುವ ಧನ ಸ್ತುತ್ಯ. ಕಟ್ಟಡದೊಳಗೆ ಒಂದು ಲೇತ್ ಯಂತ್ರಕ್ಕೂ ಅದನ್ನು ಕಲಿಸಬಲ್ಲ ಉಪಾಧ್ಯಾಯನಿಗೂ ಕೊಡುವ ಧನ ಅದಕ್ಕಿಂತಲೂ ಸ್ತುತ್ಯ. ಮೂಡಬಿದಿರೆಯ ಶಿಲ್ಪಿ ತಾನು ಕಂಡರಿಯದ ದೇಶದ ಡ್ರ್ಯಾಗನ್ನನ್ನು ತನ್ನ ಉಳಿಯಿಂದ ತನ್ನ ನಾಡಿನ ಕಲ್ಲಿನಲ್ಲಿ ಮೂಡಿಸಿದನು. ಪರದೇಶದಿಂದ ವಿದ್ಯೆಯನ್ನು ಪಡೆದು ಅದನ್ನು ತನ್ನ ಕೈಯಿಂದ ತನ್ನದಾಗಿಸಿಕೊಳ್ಳುವ ಬಗೆಯನ್ನು ನಮ್ಮ ಮಕ್ಕಳು ಅವನಿಂದ ಕಲಿಯಲಿ.