ಫೋಟೊ ಕಳೆದಿಲ್ಲ, ಎಲ್ಲಿದೆ ಅಂತ ಗೊತ್ತಿಲ್ಲ ಅಷ್ಟೆ!

ಕರೆಂಟ್ ಹೋದರೂ ಅಡುಗೆಮನೆಯಲ್ಲಿ ನಿಮ್ಮ ಕೈ ನೇರ ಸಾಸಿವೆ ಡಬ್ಬಿಗೇ ಹೋಗುತ್ತೆ ಅಲ್ವಾ? ಜೀರಿಗೆ ಎಲ್ಲಿ, ಮೆಂತ್ಯ ಎಲ್ಲಿ ಅಂತ ಯಾರನ್ನೂ ಕೇಳಬೇಕಿಲ್ಲ. ಆದರೆ ಅದೇ ನೀವು ಕಂಪ್ಯೂಟರ್ ಮುಂದೆ ಕೂತಾಗ? ಮಗಳ ನಾಮಕರಣದ ಫೋಟೊ ಬೇಕು ಅಂದರೆ ಅರ್ಧ ಗಂಟೆ ಹುಡುಕಾಟ, ಕೊನೆಗೆ ‘ಡಿಲೀಟ್ ಆಗಿರಬೇಕು ಬಿಡಿ’ ಅನ್ನೋ ಸಮಾಧಾನ!

ನನಗೆ ಬುದ್ಧಿ ಬಂದದ್ದು ವಿರೂಪಾಪುರಗಡ್ಡೆಯ ಫೋಟೊ ಹುಡುಕುವಾಗ. ಗಂಗಾವತಿ ತಾಲ್ಲೂಕಿನ ಈ ಊರು ಹಂಪಿಯ ಎದುರು ದಂಡೆಯಲ್ಲಿದೆ. 2018ರಲ್ಲಿ ಮನೆಮಂದಿಯೆಲ್ಲ ವಿರೂಪಾಕ್ಷನ ದರ್ಶನ ಮುಗಿಸಿ, ದೋಣಿಯಲ್ಲಿ ತುಂಗಭದ್ರೆ ದಾಟಿ ಅಲ್ಲಿಗೆ ಹೋಗಿದ್ದೆವು. ಗದ್ದೆಗೆ ಮುಖ ಮಾಡಿದ ಹೋಟೆಲೊಂದರಲ್ಲಿ ಅತ್ತೆಯವರು ನೆಲದ ಹಾಸಿಗೆ ಮೇಲೆ ಕಾಲು ಚಾಚಿ ಚಹಾ ಕುಡಿದಿದ್ದರು. ಮಾರನೇ ವರ್ಷ, 2019ರ ಆಗಸ್ಟ್‌ನಲ್ಲಿ ಹೊಳೆ ತುಂಬಿ ಗಡ್ಡೆಯಲ್ಲಿ ಪ್ರವಾಸಿಗರು ಸಿಲುಕಿಕೊಂಡರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ವಿಶ್ವ ಪರಂಪರೆ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದವು ಅಂತ ಅಲ್ಲಿನ ಹೋಟೆಲ್, ರೆಸಾರ್ಟ್‌ಗಳನ್ನು ತೆರವು ಮಾಡಿದರು. ಆ ಹೋಟೆಲ್ ಈಗಿಲ್ಲ. ಅತ್ತೆಯವರೂ ಇಲ್ಲ. ಉಳಿದಿರೋದು ಆ ಫೋಟೊ ಒಂದೇ. ಅದು ಎಲ್ಲಿ? ಎರಡು ದಿನ ಹುಡುಕಿದ ಮೇಲೆ ‘ನ್ಯೂ ಫೋಲ್ಡರ್ 7’ರ ಒಳಗೆ, ಯಾವುದೋ ನಂಬರಿನ ಹೆಸರಲ್ಲಿ ಸಿಕ್ಕಿತು. ತಪ್ಪು ಕಂಪ್ಯೂಟರಿನದಲ್ಲ, ನನ್ನದೇ!

ಫೋಲ್ಡರ್ ಮಾಡೋದು ಹೇಗೆ?

ಡೆಸ್ಕ್‌ಟಾಪ್ ಮೇಲೆ ಎಲ್ಲವನ್ನೂ ಸುರಿಯಬೇಡಿ. ಅದು ಸಾಮಾನ್ಯವಾಗಿ ‘ಸಿ’ ಡ್ರೈವ್‌ನ ಭಾಗ. ಕಂಪ್ಯೂಟರ್ ಕೆಟ್ಟು ‘ಸಿ’ ಫಾರ್ಮ್ಯಾಟ್ ಮಾಡಿದರೆ ಡೆಸ್ಕ್‌ಟಾಪ್‌ನಲ್ಲಿದ್ದದ್ದೂ ಹೋಯ್ತು ಅಂತಲೇ ಲೆಕ್ಕ. ನಿಮ್ಮಲ್ಲಿ ‘ಡಿ’ ಡ್ರೈವ್ ಇದ್ದರೆ ಅದನ್ನು ತೆರೆಯಿರಿ. ಖಾಲಿ ಜಾಗದಲ್ಲಿ ಮೌಸ್‌ನ ಬಲ ಗುಂಡಿ ಒತ್ತಿ, ‘ನ್ಯೂ’, ನಂತರ ‘ಫೋಲ್ಡರ್’ ಆರಿಸಿ. ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೂ ಆಯ್ತು. ಕೂಡಲೇ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಹೆಸರು ಬದಲಿಸಬೇಕಾ? ಫೋಲ್ಡರ್ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎಫ್2 ಒತ್ತಿ.

ಮೊದಲಿಗೆ ನಾಲ್ಕೇ ಫೋಲ್ಡರ್ ಸಾಕು: ಫೋಟೊ, ದಾಖಲೆ, ಮಕ್ಕಳ ಶಾಲೆ, ಮನೆ ಖರ್ಚು. ‘ಫೋಟೊ’ ಒಳಗೆ ವರ್ಷಕ್ಕೊಂದು, ಅದರೊಳಗೆ ಸಂದರ್ಭಕ್ಕೊಂದು. ಇದಕ್ಕಿಂತ ಆಳಕ್ಕೆ ಹೋದರೆ ಡಬ್ಬಿಯೊಳಗೆ ಡಬ್ಬಿ ಇಟ್ಟು ಮರೆತಂತೆ ಆಗುತ್ತೆ!

ಹೆಸರಿಡುವಾಗ ಗಮನಿಸಿ

* ವರ್ಷ ಮೊದಲು, ತಿಂಗಳು ಆಮೇಲೆ ಬರೆಯಿರಿ. ‘2018-12 ವಿರೂಪಾಪುರಗಡ್ಡೆ’ ಅಂತಿದ್ದರೆ ಫೋಲ್ಡರ್‌ಗಳು ತಾವೇ ಕಾಲಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ತಾರೀಖು ಮೊದಲು ಬರೆದರೆ ಎಲ್ಲ ವರ್ಷದವೂ ಕಲಸಿಹೋಗುತ್ತವೆ.

* ಹೆಸರಿನಲ್ಲಿ ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಬೇಡ, ವಿಂಡೋಸ್ ಒಪ್ಪೋದಿಲ್ಲ. ಅಡ್ಡಗೆರೆ ಬಳಸಿ.

* ಕನ್ನಡದಲ್ಲೇ ಹೆಸರಿಡಬಹುದು, ಆದರೆ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೇ ನುಡಿ ಫಾಂಟ್‌ನ ಅಕ್ಷರ ಇಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ.

* ಪಹಣಿ, ತೆರಿಗೆ ರಸೀದಿ, ಅಂಕಪಟ್ಟಿ ಸ್ಕ್ಯಾನ್ ಮಾಡಿ ‘ದಾಖಲೆ’ಯಲ್ಲಿಡಿ. ಆದರೆ ಸ್ಕ್ಯಾನ್ ಪ್ರತಿ ಮೂಲ ಕಾಗದಕ್ಕೆ ಬದಲಿ ಅಲ್ಲ. ಮೂಲವನ್ನು ಬೀರುವಿನಲ್ಲೇ ಜೋಪಾನ ಮಾಡಿ.

ಫೈಲ್ ಸಾಗಿಸುವಾಗ ಜೋಕೆ

ಪೆನ್‌ಡ್ರೈವ್‌ನಿಂದ ಫೋಟೊ ತರುವಾಗ ‘ಕಟ್’ ಬೇಡ, ‘ಕಾಪಿ’ ಮಾಡಿ. ಅಂದರೆ ಕಂಟ್ರೋಲ್ ಸಿ, ಹೊಸ ಜಾಗದಲ್ಲಿ ಕಂಟ್ರೋಲ್ ವಿ. ಎಲ್ಲವೂ ತೆರೆಯುತ್ತವಾ ಅಂತ ನೋಡಿದ ಮೇಲಷ್ಟೇ ಹಳೆಯದನ್ನು ಅಳಿಸಿ. ನೆನಪಿಡಿ, ಪೆನ್‌ಡ್ರೈವ್‌ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗೋದಿಲ್ಲ, ನೇರ ಮಾಯ!

ಇನ್ನೊಂದು ಮಾತು. ಫೋಲ್ಡರ್ ಮಾಡಿದ ಮಾತ್ರಕ್ಕೆ ಫೈಲ್ ಸುರಕ್ಷಿತ ಅಂದುಕೊಳ್ಳಬೇಡಿ. ಹಾರ್ಡ್‌ಡಿಸ್ಕ್ ಕೈಕೊಟ್ಟರೆ ಫೋಲ್ಡರ್ ಸಮೇತ ಹೋಗುತ್ತೆ. ‘ಫೋಟೊ’ ಮತ್ತು ‘ದಾಖಲೆ’ ಎರಡರ ನಕಲನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ ಬೇರೆ ಕಡೆ ಇಡಿ. ತವರುಮನೆಯಲ್ಲಿಟ್ಟರೂ ಸರಿಯೇ.

ಎಲ್ಲವನ್ನೂ ಒಂದೇ ದಿನ ಜೋಡಿಸಲು ಕೂರಬೇಡಿ, ಸುಸ್ತಾಗುತ್ತೆ. ದಿನಕ್ಕೆ ಹದಿನೈದು ನಿಮಿಷ, ಮಧ್ಯಾಹ್ನದ ಧಾರಾವಾಹಿಗೆ ಮುಂಚೆ. ಮನೆಯ ಹಿರಿಯರು ಪಕ್ಕದಲ್ಲಿದ್ದರೆ ಕೂರಿಸಿಕೊಂಡು ‘ಇದು ಯಾವ ವರ್ಷದ್ದು, ಇವರು ಯಾರು?’ ಅಂತ ಕೇಳಿ, ಅವರು ಹೇಳಿದ್ದನ್ನೇ ಹೆಸರಾಗಿ ಬರೆದುಬಿಡಿ. ನಾನು ಹಾಗೆ ಕೇಳಬೇಕಿದ್ದವರು ಈಗ ಫೋಟೊದಲ್ಲಿ ಮಾತ್ರ ಇದ್ದಾರೆ. ನೀವು ತಡ ಮಾಡಬೇಡಿ. ಇವತ್ತೇ ಒಂದು ಫೋಲ್ಡರ್ ಶುರು ಮಾಡಿ, ಏನಂತೀರಿ?