ಹಿತ್ತಾಳೆಯ ಹೊಳಪನ್ನು ರೇಖೆಯಲ್ಲಿ ಹಿಡಿಯುವುದು

ಮೈಸೂರಿನ ಮೇಟಗಳ್ಳಿಯಲ್ಲಿ 1996ರಿಂದ ನೋಟು ಮುದ್ರಣಾಲಯವೊಂದು ನಡೆಯುತ್ತಿದೆ. ಕೈಗೆ ಸಿಕ್ಕ ನೋಟೊಂದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದಲ್ಲಿ, ಗಾಂಧೀಜಿಯವರ ಕೆನ್ನೆಯ ನೆರಳೆಂದು ನಾವು ಭಾವಿಸಿದ್ದುದು ವಸ್ತುತಃ ಅತಿಸೂಕ್ಷ್ಮ ರೇಖೆಗಳ ಸಮುದಾಯವೆಂಬುದು ಗೋಚರವಾಗುತ್ತದೆ.

ರೇಖೆಯೇ ವೆಕ್ಟರ್ ಚಿತ್ರದ ಪ್ರಾಣವೂ ಹೌದು. ಡಿಜಿಟಲ್ ಛಾಯಾಚಿತ್ರವು ಚುಕ್ಕೆಗಳ ರಾಶಿಯಾದರೆ, ಇದು ಗಣಿತಸೂತ್ರಗಳಿಂದ ರೂಪುಗೊಂಡ ವಕ್ರರೇಖೆಗಳ ರಚನೆಯಾದುದರಿಂದ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. 1960ರ ದಶಕದಲ್ಲಿ ರೆನೋ ಕಾರುಗಳ ವಿನ್ಯಾಸಕ್ಕೆಂದು ಪಿಯರ್ ಬೆಜಿಯೇ ಬಳಕೆಗೆ ತಂದ ವಕ್ರರೇಖೆಯೇ ಇಂದು ಇಂಕ್‌ಸ್ಕೇಪ್ ಎಂಬ ವೆಕ್ಟರ್ ಚಿತ್ರರಚನೆಯ ತಂತ್ರಾಂಶದಲ್ಲಿ ನಮ್ಮ ಕೈಗೆ ದೊರೆತಿದೆ.

ಇಂಥ ರೇಖೆಗಳಲ್ಲಿ ಹಿತ್ತಾಳೆಯ ತಂಬಿಗೆಯೊಂದನ್ನು ಬರೆದಿರೆನ್ನಿ. ಆಕಾರ ತಪ್ಪಿಲ್ಲ, ವರ್ಣವೂ ಸಮೀಪವಾಗಿದೆ. ಆದರೂ ಲೋಹವೆಂಬ ಪ್ರತೀತಿ ಹುಟ್ಟದು. ಆಗ ಬೇಕಾದುದು ಇನ್ನೊಬ್ಬರ ಕಣ್ಣು. ‘ಚೆನ್ನಾಗಿದೆ’ ಎಂಬ ಸೌಜನ್ಯದ ಮಾತಿಗಿಂತ, “ಬೆಳಕು ಎಡದಿಂದ ಬಂದಿದೆ, ನೆರಳೂ ಎಡಕ್ಕೇ ಬಿದ್ದಿದೆಯಲ್ಲ, ತಳಭಾಗ ಬರಿಯ ಕಪ್ಪಾಗಿದೆ, ಕೆಂಪು ನೆಲದ ಛಾಯೆ ಅಲ್ಲಿ ಪ್ರತಿಫಲಿಸಬೇಡವೆ?” ಎಂದು ಸ್ಥಳವನ್ನೇ ಬೆರಳಿಟ್ಟು ತೋರಿಸುವ ವಿಮರ್ಶೆ ನಿಜವಾದ ಉಪಕಾರ. ಅದನ್ನು ಕೇಳಿ, ಬಿಂದುಬಿಂದುವಿಗೂ ಬೇರೆ ಬಣ್ಣ ಕೊಡಬಹುದಾದ ಜಾಲರಿಯ, ಅಂದರೆ ಮೆಶ್ ಗ್ರೇಡಿಯೆಂಟಿನ, ಕೆಳಗಿನ ಬಿಂದುಗಳಿಗೆ ಕಾವಿಗೆಂಪನ್ನು ಕೊಟ್ಟು, ಕಂಠದ ಹೊಳಪಿನ ಅಂಚನ್ನು ಚುರುಕುಗೊಳಿಸಿದೊಡನೆ ತಂಬಿಗೆಗೆ ದುಂಡುತನ ಬರುತ್ತದೆ.

ಬೆಳಕಿನ ಪಾಠಕ್ಕೆ ದೂರ ಹೋಗಬೇಕಾದುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಲ್ದಂಕರರು ರಚಿಸಿದ ದೀಪ ಹಿಡಿದ ಮಹಿಳೆಯ ಜಲವರ್ಣಚಿತ್ರದಲ್ಲಿ, ದೀಪಕ್ಕೆ ಮರೆಮಾಡಿದ ಅವಳ ಬೆರಳುಗಳು ಹೇಗೆ ಕೆಂಪೇರಿವೆಯೆಂಬುದನ್ನು ನಿಧಾನವಾಗಿ ನಿಂತು ನೋಡಿ. ಇನ್ನು ಕರಡನ್ನು ತೋರಿಸುವಾಗ, ಮೂಲವಸ್ತುವಿನ ಫೋಟೋವನ್ನು ಪಕ್ಕದಲ್ಲಿಟ್ಟು, ‘ಹೇಗಿದೆ?’ ಎನ್ನದೆ ‘ಬೆಳಕು ಎಲ್ಲಿ ತಪ್ಪಿದೆ?’ ಎಂದೇ ಕೇಳಿ.